ನಾನು ಕಟ್ಟದ ಕೈಗಳು

ಚನ್ನಪಟ್ಟಣದ ಆ ನರ್ಸಿಂಗ್ ಹೋಮಿನಲ್ಲಿ ನನ್ನ ಬೆನ್ನ ಹಿಂದೆ ನನಗೊಂದು ಹೆಸರಿತ್ತು: ನೀರು ನಿಲ್ಲಿಸೋ ಸಿಸ್ಟರ್. ಆಯಾಗಳು ಇಟ್ಟದ್ದೋ, ಹೊಂಗನೂರಿನ ಕಡೆಯವರು ಇಟ್ಟದ್ದೋ ಗೊತ್ತಿಲ್ಲ. ಅದನ್ನು ಅಳಿಸಿಹಾಕಲು ನಾನು ಇದನ್ನು ಬರೆಯುತ್ತಿಲ್ಲ. ನಡೆದದ್ದು ಇಷ್ಟು, ನಾನು ಮಾಡಿದ್ದು ಇಷ್ಟು, ಮತ್ತೆ ಅಂಥದೇ ದಿನ ಬಂದರೆ ಅದನ್ನೇ ಮಾಡುತ್ತೇನೆ ಎಂದು ಹೇಳುವುದಕ್ಕೆ ಬರೆಯುತ್ತಿದ್ದೇನೆ.

ರಾಮನಗರ ಇನ್ನೂ ಬೇರೆ ಜಿಲ್ಲೆ ಆಗಿರದ ಕಾಲ. ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು. ನಮ್ಮ ನರ್ಸಿಂಗ್ ಹೋಮ್ ಆ ರಸ್ತೆಗೇ ಮುಖ ಮಾಡಿಕೊಂಡಿತ್ತು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಬಿಡದಿ ಕಡೆ ಒಂದಾದ ಮೇಲೊಂದು ಫ್ಯಾಕ್ಟರಿ ಏಳುತ್ತಿತ್ತು. ಮೆಷಿನ್ನಿಗೆ ಬೆರಳು ಕೊಟ್ಟುಕೊಂಡು ಬರುವ ಹುಡುಗರು, ಲಾರಿಗೆ ಸಿಕ್ಕಿದ ಬೈಕಿನವರು, ಹೆರಿಗೆಯವರು, ಇವರೆಲ್ಲರ ನಡುವೆ "ಸುಸ್ತು ಕಣಮ್ಮ, ಒಂದು ಬಾಟ್ಲಿ ಹಾಕ್ಬುಡಿ" ಎಂದು ನಡೆದುಕೊಂಡೇ ಬಂದು ಮಲಗುವವರು. ನಮ್ಮ ಕಡೆ ಆಸ್ಪತ್ರೆ ಎಂದರೆ ಬಾಟ್ಲಿ. ರೋಗಿಯನ್ನು ನೋಡಲು ಬಂದ ನೆಂಟರ ಕಣ್ಣು ಮೊದಲು ಹೋಗುವುದು ಮೇಲೆ ತೂಗುವ ಗ್ಲೂಕೋಸಿನ ಕಡೆಗೆ. ಅದು ತೊಟ್ಟಿಕ್ಕುತ್ತಿದ್ದರೆ ಸಮಾಧಾನ, ನಿಂತಿದ್ದರೆ ಗಲಾಟೆ.

ಮಾಗಡಿ ಕಡೆಯ ಹಳ್ಳಿಯಿಂದ ಬಂದವಳು ನಾನು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಕೆಲವು ವರ್ಷ ದುಡಿದು, ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದು ಇಲ್ಲಿ ಸೇರಿದ್ದೆ. ಸಾಯುವವರನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ಕೆಲವು ಮಾತನ್ನು ನುಂಗಿಕೊಂಡಿರಲು ನನಗೆ ಆಗುತ್ತಿರಲಿಲ್ಲ.

ಆ ಅಜ್ಜಿ ಬಂದದ್ದು ಬೇಸಿಗೆಯಲ್ಲಿ. ಹೊಂಗನೂರಿನವರು, ಹಿಪ್ಪುನೇರಳೆ ತೋಟ ಇದ್ದವರು, ಜೀವಮಾನವೆಲ್ಲ ರೇಷ್ಮೆ ಹುಳ ಸಾಕಿದ ಹೆಂಗಸು. ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹರಡಿತ್ತು. ಬೆಂಗಳೂರಿನಲ್ಲಿ ತೋರಿಸಿ, ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿಸಿಕೊಂಡು ಬಂದಿದ್ದರು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಊಟ ಸೇರದಿದ್ದರೆ ಬಾಟ್ಲಿ ಹಾಕಿಸಬೇಕಲ್ಲ, ಅದಕ್ಕೇ ನಮ್ಮಲ್ಲಿಗೆ.

ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಬಾಯಲ್ಲಿ ಇತ್ತು. ಮೊದಲ ಸಲ ನಾನು ಸೂಜಿ ಹಿಡಿದು ನರ ಹುಡುಕುತ್ತಿದ್ದಾಗ, "ಏನ್ ಮಗ, ಗೆಣಸು ಅಗ್ದಂಗೆ ಅಗೀತಿದ್ದೀಯಲ್ಲ, ಏನಾದ್ರೂ ಸಿಕ್ತಾ?" ಎಂದರು. ನನಗೆ ನಗು ಬಂತು. "ನಗು, ನಗು. ಚುಚ್ಚುಸ್ಕೊಳ್ಳೋಳು ನಾನು" ಎಂದು ಮುಖ ಆ ಕಡೆ ತಿರುಗಿಸಿಕೊಂಡರು.

ಇದ್ದದ್ದು ಒಬ್ಬಳೇ ಮಗಳು. ಬಿಡದಿ ಕಡೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಹಗಲು ಪಕ್ಕದ ಮನೆಯ ಹೆಂಗಸೊಬ್ಬಳನ್ನು ಅಜ್ಜಿಯ ಬಳಿ ಕೂರಿಸಿ ಹೋಗುತ್ತಿದ್ದಳು. ಸಂಜೆ ಫ್ಯಾಕ್ಟರಿಯ ವ್ಯಾನು ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಸೀರೆಯ ಮೇಲೆ, ಕೂದಲಲ್ಲಿ ದಾರದ ಚೂರು. ಬಂದವಳೇ ಮೊದಲು ಬಾಟಲಿ ನೋಡುವಳು, ಆಮೇಲೆ ಅವ್ವನ ಮುಖ.

ಡ್ರಿಪ್ಪು ಹೋಗುತ್ತಾ ಹೋಗುತ್ತಾ ಅಜ್ಜಿಯ ಕಾಲು ಬಾತುಕೊಂಡಿತು. ಕೈ ಬಾತುಕೊಂಡಿತು. ಎದೆಯಲ್ಲಿ ನೀರು ಗೊರಗೊರ ಎನ್ನತೊಡಗಿತು. ಸಾಯುತ್ತಿರುವ ದೇಹಕ್ಕೆ ನಾವು ಹಾಕಿದ ನೀರನ್ನು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಅದು ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಇದನ್ನು ನಾನು ಬೆಂಗಳೂರಿನ ವಾರ್ಡಿನಲ್ಲಿ ಸಾಕಷ್ಟು ನೋಡಿದ್ದೆ. ಅಷ್ಟರಲ್ಲಿ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಎಂದು ಮನೆಯವರು ಹಟ ಹಿಡಿದದ್ದಕ್ಕೆ, ಮೂಗಿನಿಂದ ಹೊಟ್ಟೆಯವರೆಗೆ ಪೈಪು ಇಳಿಸಿ ಹಾಲು, ಗಂಜಿ ಹಾಕುವುದೆಂದಾಯಿತು. ಹಾಕಿದ್ದೆಲ್ಲ ವಾಂತಿಯಾಯಿತು. ಅಜ್ಜಿ ಪೈಪನ್ನು ಕಿತ್ತು ಮಂಚದ ಕೆಳಗೆ ಎಸೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು.

"ನಾನೇನ್ ಎತ್ತಾ, ಮೂಗುದಾರ ಆಕಕ್ಕೆ?" ಎಂದು ನನ್ನನ್ನು ಕೇಳಿದರು. ಮೂಗಿನ ಹೊಳ್ಳೆಯಿಂದ ರಕ್ತ ಜಿನುಗುತ್ತಿತ್ತು.

ಬೆಳಗಿನ ರೌಂಡಿನಲ್ಲಿ ಡಾಕ್ಟರು, "ಇನ್ನೊಂದು ಸಲ ಹಾಕಿ, ಈ ಸಲ ಕೈ ಕಟ್ಟಿ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅದೇನು ಹೊಸದಲ್ಲ. ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಮಣಿಕಟ್ಟನ್ನು ಮಂಚದ ಕಂಬಿಗೆ ಕಟ್ಟುವುದು. ಎಲ್ಲ ಕಡೆ ಕಟ್ಟುತ್ತಿದ್ದರು. ನಾನು ಟ್ರೇ ಹಿಡಿದುಕೊಂಡು ಅಜ್ಜಿಯ ಪಕ್ಕ ನಿಂತೆ. ಅವರು ಪೈಪನ್ನೂ ನೋಡಿದರು, ಬಟ್ಟೆಯನ್ನೂ ನೋಡಿದರು. ಎರಡು ಕೈಯನ್ನೂ ಕಂಬಳಿಯೊಳಗೆ ಎಳೆದುಕೊಂಡರು, ಬಳೆ ಕಿತ್ತುಕೊಳ್ಳುತ್ತಾರೆಂದು ಮಕ್ಕಳು ಕೈ ಬಚ್ಚಿಡುವ ಹಾಗೆ. ನಾನು ಟ್ರೇಯನ್ನು ವಾಪಸು ತಂದು ಡ್ಯೂಟಿ ರೂಮಿನ ಮೇಜಿನ ಮೇಲೆ ಇಟ್ಟೆ.

"ಹಾಕಿದ್ದಾಯ್ತಾ?" ಎಂದರು ಹಿರಿಯ ಸಿಸ್ಟರು.

"ಇಲ್ಲ. ನಾನು ಹಾಕಲ್ಲ. ಕಟ್ಟೋದೂ ಇಲ್ಲ."

ಹಿರಿಯ ಸಿಸ್ಟರು ಕೇರಳದವರು. ಚನ್ನಪಟ್ಟಣಕ್ಕೆ ಬಂದು ಇಲ್ಲೇ ತಲೆ ನರೆಸಿಕೊಂಡಿದ್ದರು. ನಮ್ಮನ್ನೆಲ್ಲ 'ಮೋಳೆ' ಎನ್ನುತ್ತಿದ್ದರು, ಮಗಳೇ ಎಂದು. ನನಗೆ ಅವರಲ್ಲಿ ಗೌರವ ಇತ್ತು, ಇವತ್ತಿಗೂ ಇದೆ. ರೋಗಿಯ ಮಗ್ಗುಲು ಬದಲಿಸುವಾಗ ಅವರ ಕೈಯಷ್ಟು ಹಗುರವಾದ ಕೈ ನಾನು ನೋಡಿಲ್ಲ.

"ಮೋಳೆ, ಅದು ಔಷಧಿ ಅಲ್ಲ. ಅನ್ನ, ನೀರು. ಔಷಧಿ ನಿಲ್ಲಿಸಬಹುದು. ಅನ್ನ ನೀರು ನಿಲ್ಲಿಸೋದು ನಮ್ಮ ಕೆಲಸ ಅಲ್ಲ."

"ಅವರು ನಿಲ್ಲಿಸಿದಾರೆ ಸಿಸ್ಟರ್, ನಾನಲ್ಲ. ಬಾಯಿ ತೆಗೆದು ಬೇಡ ಅಂತಿದಾರೆ."

"ಕಾಯಿಲೆಯವರು ಬೇಡ ಅಂತಾರೆ. ಮಗು ಸೂಜಿ ಬೇಡ ಅನ್ನತ್ತೆ. ಬಿಡ್ತೀಯಾ?"

"ಅಜ್ಜಿ ಮಗು ಅಲ್ಲ."

ನಮ್ಮ ಜೊತೆ ಡ್ಯೂಟಿಯಲ್ಲಿ ಇನ್ನೊಬ್ಬಳಿದ್ದಳು, ಕನಕಪುರದವಳು, ನನ್ನ ವಾರಿಗೆಯವಳು. ಅವಳಿಗೆ ಈ ಜಗಳವೇ ಬೇಡವಾಗಿತ್ತು. "ಅಯ್ಯೋ ಬುಡ್ರೇ. ಪೈಪು ಬ್ಯಾಡ, ಡ್ರಿಪ್ಪನ್ನ ಒಸಿ ಒಸಿ ಬಿಟ್ಟು ತಗುಲಾಕಿರಾಣ. ಗಂಟೆಗೊಂದು ಹನಿ. ಮನೇರ್ ಕಣ್ಣಿಗೂ ಕಾಣ್ತದೆ, ಅಜ್ಜಿಗೂ ತೊಂದ್ರೆ ಇಲ್ಲ" ಎಂದಳು. ಹಾಗೆ ಮಾಡುವವರು ಬಹಳ ಮಂದಿ ಇದ್ದರು. ಅದರಲ್ಲಿ ದಯೆ ಇಲ್ಲವೆಂದು ನಾನು ಹೇಳಲಾರೆ. ಆದರೆ ಬಾತ ಕೈಯಲ್ಲಿ ಸೂಜಿ ಇಟ್ಟುಕೊಂಡು ಮಲಗಬೇಕಾದವರು ಅಜ್ಜಿ. ನೋಡಿ ಸಮಾಧಾನ ಪಡುವವರು ನಾವು. "ಅದು ನಾಟಕ ಕಣೆ. ಅವರ ಮೈಮೇಲೆ ನಾವು ಆಡೋ ನಾಟಕ" ಎಂದೆ. ಅವಳಿಗೆ ಸಿಟ್ಟು ಬಂದು ಬಾಗಿಲು ಎಳೆದುಕೊಂಡು ಹೋದಳು.

ಹಿರಿಯ ಸಿಸ್ಟರು ಮಾತ್ರ ಕೂತೇ ಇದ್ದರು. ನನ್ನ ಕಡೆ ನೋಡದೆ ಹೇಳಿದರು: "ನಾನು ಚಿಕ್ಕವಳಿದ್ದಾಗ ನನ್ನ ಅಮ್ಮನಿಗೆ ಭೇದಿ ಆಯ್ತು. ನೀರು ಕೊಟ್ಟರೆ ಜಾಸ್ತಿ ಆಗತ್ತೆ ಅಂತ ಮನೆಯಲ್ಲಿ ಯಾರೂ ನೀರು ಕೊಡಲಿಲ್ಲ. ವೆಳ್ಳಂ, ವೆಳ್ಳಂ ಅಂತ ಕೇಳ್ತಾನೇ ಹೋದರು. ನೀರು, ನೀರು ಅಂತ. ನಾನು ನರ್ಸ್ ಆಗಿದ್ದೇ ಅದಕ್ಕೆ, ಮೋಳೆ. ನನ್ನ ವಾರ್ಡಿನಲ್ಲಿ ಯಾರೂ ಹಾಗೆ ಹೋಗಬಾರದು."

ಅವರ ಅಮ್ಮ ಕೇಳಿದ್ದರು, ಕೊಡಲಿಲ್ಲ. ಈ ಅಜ್ಜಿ ಬೇಡ ಅನ್ನುತ್ತಿದ್ದಾರೆ, ತುರುಕುತ್ತಿದ್ದೇವೆ. ಎರಡರಲ್ಲೂ ಯಾರೋ ಒಬ್ಬರ ಬಾಯಿಯ ಮಾತು ಕೇಳಿಸಿಕೊಂಡಿಲ್ಲ ಎಂದು ಅನ್ನಿಸಿತು. ಅದನ್ನು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿಗೆಯಿಂದಲ್ಲ. "ನೀನು ಕಟ್ಟಬೇಡ. ನಾನೂ ಕಟ್ಟಲ್ಲ, ನನಗೆ ಕೈ ಬರಲ್ಲ. ಆದರೆ ಮಗಳಿಗೆ ನೀನೇ ಹೇಳು" ಎಂದರು.

ಡಾಕ್ಟರೂ ನನ್ನನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ; ದಣಿದಿದ್ದರು. "ನೋಡಮ್ಮ, ನೀನು ಹೇಳೋದು ನನಗೂ ಗೊತ್ತು. ಆದ್ರೆ ನಾಳೆ ಅವರ ಊರಿನವರು ಬಂದು, ಒಂದು ಡ್ರಿಪ್ಪೂ ಹಾಕ್ದೆ ಸಾಯಿಸಿಬಿಟ್ರು ಅಂತ ಗಾಜು ಒಡೆದ್ರೆ?"

"ಅವರ ಮಗಳ ಹತ್ರ ನಾನು ಮಾತಾಡ್ತೀನಿ ಸಾರ್."

"ಅವಳು ಒಪ್ಪಿದ್ರೆ ಸರಿ. ಒಪ್ಪದಿದ್ರೆ ಪೈಪು ಹಾಕ್ಬೇಕು. ನೀನಲ್ಲದಿದ್ರೆ ಇನ್ನೊಬ್ಬರು."

ಸಂಜೆ ಮಗಳು ವ್ಯಾನಿನಿಂದ ಇಳಿದು ಬಂದಾಗ ಅವಳನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದೆ. ಅವ್ವನಿಗೆ ಇನ್ನು ಹೆಚ್ಚು ದಿನ ಇಲ್ಲ, ಹಾಕುವ ನೀರು ಎದೆಗೆ ಹೋಗಿ ಉಸಿರು ಕಟ್ಟಿಸುತ್ತಿದೆ, ಹಸಿವು ಈಗ ಅವರಿಗೆ ನಮ್ಮ ಹಾಗೆ ಆಗುವುದಿಲ್ಲ ಎಂದೆಲ್ಲ ಹೇಳಿದೆ. ಅವಳಿಗೆ ಅರ್ಥವಾಗಲಿ ಎಂದು, "ನೀವೇ ನೋಡಿಲ್ವಾ, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಸೊಪ್ಪು ಮುಟ್ಟಲ್ಲ. ಆಗ ನೀವು ಸೊಪ್ಪು ಹಾಕ್ತೀರಾ?" ಎಂದುಬಿಟ್ಟೆ.

ಅವಳು ಎದ್ದು ನಿಂತಳು. "ನಮ್ಮವ್ವ ಹುಳ ಅಲ್ಲ ಕಣಕ್ಕ."

ಜಾಣತನದ ಮಾತು ಹೇಳಿದೆ ಎಂದುಕೊಂಡಿದ್ದೆ ನಾನು.

"ಬಾಯಾರ್ಕೆ ಅಂದ್ರೆ ನಿಮ್ಗೇನ್ ಗೊತ್ತು?" ಅವಳ ದನಿ ಏರಿತು. "ನಮ್ ಲೈನಲ್ಲಿ ಬಾತ್ರೂಮಿಗೆ ಎದ್ರೆ ಸೂಪರ್‌ವೈಸರ್ ಬೈತಾನೆ. ಅದ್ಕೇ ಬೆಳಗಿಂದ ನಾವ್ಯಾರೂ ನೀರೇ ಕುಡಿಯಾಕಿಲ್ಲ. ಗಂಟಲು ಒಣಗಿ ಅಂಟ್ಕೊಂಡಿರ್ತದೆ. ಈಗ್ಲೂ ಅಂಟ್ಕೊಂಡೇ ಐತೆ. ನಮ್ಮವ್ವಂಗೂ ಅಂಗೇ ಆಗ್ಲಿ ಅಂತೀರಾ? ಉಪಾಸ ಕೆಡವಿ ಸಾಯ್ಸಿ ಅಂತೀರಾ?"

ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳಿಗೆ ಕೊಟ್ಟೆ. ಒಂದೇ ಗುಟುಕಿಗೆ ಕುಡಿದಳು. ಇನ್ನೊಂದು ತಂದೆ. ಆಮೇಲೆ, "ನನ್ನ ಮಾತು ಬಿಡಿ. ನಿಮ್ಮವ್ವನ್ನೇ ಕೇಳಿ" ಎಂದೆ.

ಅವಳು ಅಜ್ಜಿಯ ತಲೆಯ ಬಳಿ ಕೂತು ಬಗ್ಗಿದಳು. "ಅವ್ವಾ, ಬಾಯಾರ್ಕೆ ಆಯ್ತಾ ಐತಾ?"

"ಬಾಯಿ ಒಣಗ್ತದೆ" ಎಂದರು ಅಜ್ಜಿ. "ಒಟ್ಟೆ ಬ್ಯಾಡ ಅಂತದೆ. ಬಾಯಿಗೆ ಒಸಿ ಒದ್ದೆ ಮಾಡು ಸಾಕು. ಈ ಪೈಪು ಗೀಪು ಎಲ್ಲಾ ತಗ್ಸು ಮಗ. ಮನೀಕ್ಕೊಳ್ಳೋಕೆ ಬುಡ್ರಿ ನನ್ನ."

ನಾನು ಹತ್ತಿಯನ್ನು ತಣ್ಣೀರಲ್ಲಿ ಅದ್ದಿ ಅವಳ ಕೈಗೆ ಕೊಟ್ಟೆ. ತುಟಿ, ನಾಲಿಗೆಯ ಮೇಲೆ, ಒಸಡಿನ ಒಳಗೆ ಹೇಗೆ ಒರೆಸಬೇಕೆಂದು ತೋರಿಸಿದೆ. ಅಜ್ಜಿ ಹತ್ತಿಯನ್ನು ಚೀಪಿದರು. ಮಗಳು ಮತ್ತೆ ಅದ್ದಿದಳು. ಅಂದು ಪೈಪು ಹಾಕಿಸಲೂ ಇಲ್ಲ, ಬೇಡ ಎಂದು ಹೇಳಲೂ ಇಲ್ಲ. ಅಜ್ಜಿಯ ಕೈಯಿಂದ ನಾನು ಡ್ರಿಪ್ಪು ಬಿಚ್ಚಿದಾಗ ತಡೆಯಲೂ ಇಲ್ಲ.

ಭಾನುವಾರ ಬೆಳಗ್ಗೆ ಅಜ್ಜಿಯ ತಮ್ಮ ಬಂದರು. ಊರಲ್ಲಿ ನಾಲ್ಕು ಜನ ಕೇಳುವ ಮಾತಿನವರು. ಜೊತೆಗೆ ನೆಂಟರನ್ನೂ ಕರೆತಂದಿದ್ದರು. ಮೇಲೆ ನೋಡಿದರು. ಬಾಟಲಿ ಇಲ್ಲ.

"ಯಾವಳಮ್ಮ ಇಲ್ಲಿ ನರ್ಸು? ನಮ್ಮಕ್ಕನ್ನ ಉಪಾಸ ಕೆಡವಿ ಸಾಯ್ಸಕ್ಕೇನು ನಾವಿಲ್ಲಿ ತಂದಾಕಿರೋದು?"

"ನಾನೇ" ಎಂದೆ. ಹಿಂದೆ ಸರಿಯಲಿಲ್ಲ. "ಅವರಿಗೆ ಬೇಡ. ಅವರೇ ಹೇಳಿದಾರೆ. ಪೈಪು ಹಾಕಬೇಕು ಅಂದ್ರೆ ಅವರ ಕೈ ಕಟ್ಟಬೇಕು. ನಾನು ಕಟ್ಟಲ್ಲ."

"ನೀನ್ ಕಟ್ಟದಿದ್ರೆ ಇನ್ನೊಬ್ಳು ಕಟ್ತಾಳೆ. ಕಟ್ಸಿ ಆಕ್ಸಿ!"

ಆಗ ಮಗಳು ಎದ್ದಳು. ಮೂಲೆಯ ಮೇಜಿನ ಮೇಲಿದ್ದ ಬ್ಯಾಂಡೇಜ್ ಸುರುಳಿಯನ್ನು ತೆಗೆದು ಸೋದರಮಾವನ ಕೈಗೆ ಇಟ್ಟಳು. "ಬೇರೇರ್ ಯಾಕೆ ಮಾವ. ನೀನೇ ಕಟ್ಟು."

ಆಚೆ ಮಂಚದ ಬಾಣಂತಿಯೂ ಎದ್ದು ಕೂತಳು. ಅಜ್ಜಿ ಕಣ್ಣು ಬಿಟ್ಟರು. ಕಂಬಳಿಯೊಳಗಿನಿಂದ ಬಾತಿದ್ದ ಎರಡು ಕೈಯನ್ನೂ ನಿಧಾನವಾಗಿ ಹೊರಗೆ ತೆಗೆದು ತಮ್ಮನ ಮುಂದೆ ಚಾಚಿದರು.

"ಕಟ್ಲಾ. ಗಟ್ಟಿಯಾಗ್ ಕಟ್ಟು. ಬುಚ್ಕೊಂಡ್ರೆ ಕಪಾಳಕ್ಕೆ ಬಾರುಸ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಆ ಮನುಷ್ಯ ನಗಲಿಲ್ಲ. ಸುರುಳಿ ಹಿಡಿದುಕೊಂಡು ಅಕ್ಕನ ಕೈಯನ್ನೇ ನೋಡುತ್ತಾ ನಿಂತರು. ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ ಕೈ. ಸುರುಳಿಯನ್ನು ಮಂಚದ ಮೇಲೆ ಹಾಕಿ, ಟವಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಜೊತೆಯಲ್ಲಿ ಬಂದವರು ಏನು ಮಾಡಬೇಕೆಂದು ತಿಳಿಯದೆ ಅವರ ಹಿಂದೆಯೇ ಹೋದರು.

ಮಗಳು ನನ್ನ ಕಡೆ ತಿರುಗಿ, "ಆಟೋ ಸಿಗ್ತದಾ ಅಕ್ಕ, ಊರ್ಗಂಟ?" ಎಂದಳು.

ಮನೆಗೆ ಹೋದ ಮೇಲೆ ಅವಳು ಫ್ಯಾಕ್ಟರಿಗೆ ಹೋಗಲಿಲ್ಲ. ರಜ ಕೇಳಿದ್ದಕ್ಕೆ ಕೊಡಲಿಲ್ಲವಂತೆ. "ಓದ್ರೆ ಓಗ್ಲಿ ಬುಡಕ್ಕ, ಮಿಷಿನ್ನು ಇನ್ನೊಂದ್ ಸಿಗ್ತದೆ" ಎಂದಳು. ಕೆಲಸ ಹೋಯಿತು. ಆಮೇಲೆ ಬೇರೆ ಕಡೆ ಸಿಕ್ಕಿತು.

ನನ್ನ ವಾರದ ರಜದ ದಿನ ಹೊಂಗನೂರಿನ ಬಸ್ಸು ಹತ್ತಲು ಹೋದಾಗ ಹಿರಿಯ ಸಿಸ್ಟರು ಸ್ಟ್ಯಾಂಡಿನಲ್ಲಿ ನಿಂತಿದ್ದರು. ಚೀಲದಲ್ಲಿ ಹತ್ತಿ, ತುಟಿಗೆ ಹಚ್ಚಲು ವ್ಯಾಸಲೀನು, ಒಂದು ಚಮಚ, ಎಳನೀರು. "ನೀನು ಸರಿ ಅಂತ ಬರ್ತಿಲ್ಲ. ಅವರು ನೀರು ಕೇಳಿದರೆ ಕೊಡೋಕೆ ಯಾರಾದರೂ ಇರಬೇಕಲ್ಲ, ಅದಕ್ಕೆ" ಎಂದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಅಜ್ಜಿಯನ್ನು ಹೊರಗಿನ ಜಗುಲಿಯಲ್ಲಿ, ಗಾಳಿ ಬರುವಲ್ಲಿ ಮಲಗಿಸಿದ್ದರು. ಕಾಲಿನ ಊತ ಇಳಿದಿತ್ತು. ಎದೆಯ ಗೊರಗೊರ ಕಡಿಮೆಯಾಗಿತ್ತು. ಅದನ್ನು ಕೇಳಿಸಿಕೊಂಡು ನಾನು ಹಿರಿಯ ಸಿಸ್ಟರ ಮುಖ ನೋಡಿದೆ. ಅವರೂ ಕೇಳಿಸಿಕೊಂಡಿದ್ದರು. ಎಳನೀರನ್ನು ಚಮಚದಲ್ಲಿ ತುಟಿಗೆ ಹಿಡಿದರು. ಅಜ್ಜಿ ಒಂದು ಚಮಚ ತೆಗೆದುಕೊಂಡರು. ಎರಡನೆಯದಕ್ಕೆ ಬಾಯಿ ಮುಚ್ಚಿದರು. ಸಿಸ್ಟರು ಚಮಚವನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಲೋಟಕ್ಕೆ ಸುರಿದರು.

ಓಣಿಯ ಹೆಂಗಸರು ಬಂದು ಬಂದು ನೋಡಿ, "ಒಂದ್ ಬಾಟ್ಲಿನಾದ್ರೂ ಆಕ್ಸಬೋದಿತ್ತು" ಎಂದು ನನಗೆ ಕೇಳುವಂತೆಯೇ ಹೇಳಿದರು. "ಅವರಿಗೆ ಬೇಡವಂತೆ, ಕೇಳಿ ನೋಡಿ" ಎಂದು ನಾನೂ ಅವರಿಗೆ ಕೇಳುವಂತೆಯೇ ಹೇಳಿದೆ. ಒಬ್ಬಾಕೆ ನಿಜವಾಗಿಯೂ ಕೇಳಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಸೊಪ್ಪಿನುಪ್ಪೆಸ್ರು ಮಾಡೀಯಾ? ಅದಾದ್ರೆ ಆಕು" ಎಂದರು. ಮಗಳು ಎದ್ದು ಹೋಗಿ ಒಲೆ ಹಚ್ಚಿದಳು. ಸೊಪ್ಪು ಬೇಯಿಸಿ ಬಸಿದು, ಖಾರ ಅರೆದು ಉಪ್ಪೆಸರು ಮಾಡಿ, ಆರಿಸಿ, ಬೆರಳ ತುದಿಯಲ್ಲಿ ಅದ್ದಿ ಅವ್ವನ ನಾಲಿಗೆಗೆ ಸವರಿದಳು. ಅಜ್ಜಿ ಚಪ್ಪರಿಸಿದರು. "ಉಪ್ಪು ಸಾಲ್ದು" ಎಂದರು.

ಅವರು ಹೋದದ್ದು ಅದಾದ ಕೆಲವು ದಿನಕ್ಕೆ, ಬೆಳಗಿನ ಬಿಸಿಲಲ್ಲಿ, ಮಗಳು ಬಾಯಿ ಒರೆಸುತ್ತಿರುವಾಗ. ಎರಡು ಕೈಯೂ ಅವಳ ಮಡಿಲಲ್ಲೇ ಇದ್ದವಂತೆ. ಮಣ್ಣಿಗೆ ನಾನೂ ಹೋಗಿದ್ದೆ. ಅಜ್ಜಿಯ ತಮ್ಮ ನನ್ನನ್ನು ಕಂಡು ಮುಖ ತಿರುಗಿಸಿದರು. ತಪ್ಪಾಗಿ ತಿಳಿಯಲಿಲ್ಲ ನಾನು. ಅಕ್ಕನಿಗೆ ಇನ್ನೂ ಏನೋ ಮಾಡಬಹುದಿತ್ತು ಎಂದು ಆ ಮನುಷ್ಯನಿಗೆ ಕೊನೆಯವರೆಗೂ ಅನ್ನಿಸುತ್ತದೆ. ಅನ್ನಿಸಲಿ. ಅದನ್ನು ಕಳೆಯುವುದಕ್ಕೆಂದು ಅಕ್ಕನ ಕೈ ಕಟ್ಟಲಾಗುತ್ತಿರಲಿಲ್ಲ.

ಡಾಕ್ಟರು ಮತ್ತೆ ಕರೆದರು. "ಗಲಾಟೆ ಆಗಲಿಲ್ಲ, ನಮ್ಮ ಪುಣ್ಯ. ಇನ್ಮೇಲೆ ಮನೆಯವರ ಹತ್ರ ಇಂಥ ಮಾತೆಲ್ಲ ನೀನು ಆಡಬೇಡ, ನಾನು ಆಡ್ತೀನಿ" ಎಂದರು.

"ನೀವು ಆಡಿದ್ರೆ ನಾನು ಆಡಲ್ಲ ಸಾರ್. ನೀವು ಆಡದಿದ್ರೆ ಆಡ್ತೀನಿ."

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನರ್ಸುಗಳು ಸಿಗುವುದು ಆಗ ಕಷ್ಟವಿತ್ತು. ಅದಕ್ಕೆ ಬೇರೆ ಕಾರಣವೇನೂ ನಾನು ಕಲ್ಪಿಸಿಕೊಳ್ಳುವುದಿಲ್ಲ. ಹಿರಿಯ ಸಿಸ್ಟರು ಊರಿಗೆ ವಾಪಸು ಹೋಗುವ ದಿನದವರೆಗೂ ನನ್ನ ಮಾತು ಒಪ್ಪಲಿಲ್ಲ, ನಾನೂ ಅವರದನ್ನು ಒಪ್ಪಲಿಲ್ಲ. ಆದರೆ ಅವರು ಪೈಪಿನ ಟ್ರೇ ಹಿಡಿದು ಮಂಚದ ಬಳಿ ಹೋದಾಗ, ಮೊದಲು ರೋಗಿಯ ಕಿವಿಯ ಹತ್ತಿರ ಬಗ್ಗಿ ಏನೋ ಕೇಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ವರ್ಷದ ಮಳೆಗಾಲದಲ್ಲಿ ಬೊಂಬೆ ಕೆಲಸದ ಸಾಬರೊಬ್ಬರು ಬಂದರು. ಗಂಟಲಲ್ಲಿ ಗಡ್ಡೆ, ಎಂಜಲೂ ಇಳಿಯುತ್ತಿರಲಿಲ್ಲ. ಹೆಚ್ಚು ದಿನ ಇಲ್ಲವೆಂದು ಅವರಿಗೂ ಗೊತ್ತಿತ್ತು. ಅರಗಿನ ಬಣ್ಣ ಹತ್ತಿದ ಬೆರಳಿನಿಂದ ಮೂಗು ತೋರಿಸಿ, ಪೈಪು ಹಾಕಿ ಎಂದು ಸನ್ನೆ ಮಾಡಿದರು. ನಾನೇ ಹಾಕಿದೆ, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ. ಕನಕಪುರದವಳು ಬಾಗಿಲಲ್ಲಿ ನಿಂತು, "ಅಜ್ಜಿಗ್ ಬ್ಯಾಡ ಅಂದೋಳು ಇವ್ರಿಗ್ಯಾಕ್ ಆಕ್ದೆ?" ಎಂದು ಕೆಣಕಿದಳು.

"ಅವರು ಬೇಡ ಅಂದ್ರು. ಇವರು ಬೇಕು ಅಂದ್ರು" ಎಂದೆ. "ಇದರಲ್ಲಿ ನಿನಗೆ ಅರ್ಥ ಆಗದೇ ಇರೋದು ಏನಿದೆ?"

ಸಾಬರು ಹಾಲು ತಾವೇ ಹಾಕಿಕೊಳ್ಳಲು ಕಲಿತರು. ಒಂದು ದಿನ ಪಿಸುದನಿಯಲ್ಲಿ, "ಸಿಸ್ಟರ್, ಇದ್ರಲ್ಲಿ ಚಾ ಹಾಕ್ಬೋದಾ?" ಎಂದು ಕೇಳಿದರು.

"ಹಾಕಬಹುದು. ಆದ್ರೆ ರುಚಿ ಗೊತ್ತಾಗಲ್ಲ."

"ಬೆಚ್ಚಗೆ ಇಳಿಯೋದು ಗೊತ್ತಾಗತ್ತಲ್ಲಮ್ಮ."

ನಾನು ಎದುರಿನ ಅಂಗಡಿಯಿಂದ ಚಾ ತರಿಸಿ, ಸೋಸಿ, ಉಗುರು ಬೆಚ್ಚಗೆ ಆರಿಸಿ ಪೈಪಿಗೆ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.